ಸೇಶೆಲ್ಸ್‌ನ ಸಾಲ ಮತ್ತು ಸಮುದ್ರ

ಹಿಂದೂ ಮಹಾಸಾಗರದ ದ್ವೀಪರಾಷ್ಟ್ರ ಸೇಶೆಲ್ಸ್ 2008ರಲ್ಲಿ ವಿದೇಶಿ ಸಾಲದ ಬಡ್ಡಿ ಕಟ್ಟಲಾಗದೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಬಾಗಿಲು ತಟ್ಟಬೇಕಾಯಿತು. ಆ ದೇಶಕ್ಕಿರುವ ನೆಲ ಸುಮಾರು 455 ಚದರ ಕಿಲೋಮೀಟರ್, ಜನಸಂಖ್ಯೆ ಒಂದು ಲಕ್ಷದ ಆಸುಪಾಸು. ಆದರೆ ಅದರ ಹಕ್ಕಿನ ಸಮುದ್ರ 13 ಲಕ್ಷ ಚದರ ಕಿಲೋಮೀಟರಿಗೂ ಹೆಚ್ಚು. ಅಲ್ಲಿಯ ಆದಾಯದ ಆಧಾರಸ್ತಂಭಗಳಾದ ಪ್ರವಾಸೋದ್ಯಮ ಮತ್ತು ಟ್ಯೂನಾ ಮೀನು ಎರಡೂ ಕಡಲನ್ನೇ ನಂಬಿಕೊಂಡಿರುವುದರಿಂದ, ಹಸಿರು ಆರ್ಥಿಕತೆಯೆಂಬುದು ಅಲ್ಲಿ ನೀಲಿ ಆರ್ಥಿಕತೆಯಾಗಿ ರೂಪುಗೊಂಡದ್ದು ಸಹಜವೇ.

ಆ ಸಾಲದ ಒಂದು ಭಾಗವನ್ನು ನಿಭಾಯಿಸಿದ ಬಗೆ ಕುತೂಹಲಕರವಾಗಿದೆ. ದಿ ನೇಚರ್ ಕನ್ಸರ್ವೆನ್ಸಿ ಎಂಬ ಸಂಸ್ಥೆ ಹೊಂದಿಸಿದ ಹಣದಿಂದ ಸುಮಾರು 2.16 ಕೋಟಿ ಡಾಲರ್ ಸಾಲವನ್ನು ರಿಯಾಯಿತಿ ದರದಲ್ಲಿ ಕೊಳ್ಳಲಾಯಿತು; ಅಲ್ಲಿಂದ ಮುಂದೆ ಸರ್ಕಾರ ಕಂತು ಕಟ್ಟಬೇಕಾದದ್ದು ಸಾಲ ಕೊಟ್ಟಿದ್ದ ದೇಶಗಳಿಗಲ್ಲ, ಸಮುದ್ರ ಸಂರಕ್ಷಣೆಗೆ ಹಣ ಒದಗಿಸುವ ಸ್ವದೇಶಿ ಟ್ರಸ್ಟ್‌ಗೆ. ಪ್ರತಿಯಾಗಿ ತನ್ನ ಕಡಲಿನ ಶೇ 30ರಷ್ಟನ್ನು ರಕ್ಷಿತ ಪ್ರದೇಶವೆಂದು ಸಾರುವುದಾಗಿ ಸರ್ಕಾರ ಒಪ್ಪಿಕೊಂಡಿತು. 2020ರ ಮಾರ್ಚ್‌ನಲ್ಲಿ ಅದನ್ನು ನಡೆಸಿಯೂ ಕೊಟ್ಟಿತು. ಇದರ ನಡುವೆ, 2018ರಲ್ಲಿ, ಜಗತ್ತಿನ ಮೊದಲ ಸರ್ಕಾರಿ ನೀಲಿ ಬಾಂಡ್ (ಕಡಲಿನ ಕೆಲಸಗಳಿಗೆಂದೇ ಹೂಡಿಕೆದಾರರಿಂದ ಹಣ ಎತ್ತುವ ಸಾಲಪತ್ರ) ಬಂತು: ಹತ್ತು ವರ್ಷದ ಅವಧಿಗೆ 1.5 ಕೋಟಿ ಡಾಲರ್. ಹೂಡಿಕೆದಾರರಿಗೆ ಕೊಡಬೇಕಾದ ಬಡ್ಡಿ ಶೇ 6.5, ವಿಶ್ವಬ್ಯಾಂಕಿನ ಖಾತರಿ ಮತ್ತು ಜಾಗತಿಕ ಪರಿಸರ ನಿಧಿಯ ಅಗ್ಗದ ಸಾಲದ ನೆರವಿನಿಂದ ದೇಶದ ಮೇಲೆ ಬೀಳುವ ಹೊರೆ ಶೇ 3ಕ್ಕಿಂತ ಕೆಳಗಿಳಿಯಿತು.

ನಕಾಶೆಯ ಮೇಲೆ ಗೆರೆ ಎಳೆಯುವುದು ಸುಲಭ. ಕಷ್ಟವಿರುವುದು ಮಾಹೆ ದ್ವೀಪದ ಸುತ್ತಲಿನ ಆಳವಿಲ್ಲದ ನೀರಿನಲ್ಲಿ, ಸಣ್ಣ ದೋಣಿಗಳಲ್ಲಿ ಕೂತು ಗಾಳದಿಂದ ‘ಬೂರ್ಜ್ವಾ’ ಎಂಬ ಕೆಂಪು ಮೀನು ಹಿಡಿಯುವವರ ಬದುಕಿನಲ್ಲಿ. ಮರಿಮೀನು ಸಿಕ್ಕರೆ ನೀರಿಗೆ ಬಿಡಿ ಎಂಬ ಮಾತು ಶಾಸ್ತ್ರೀಯವಾಗಿ ಸರಿಯೇ. ಆದರೆ ದೂರದ ನೀರಿನಲ್ಲಿ ಸ್ಪೇನ್, ಫ್ರಾನ್ಸ್ ಮೂಲದ ಭಾರೀ ಹಡಗುಗಳು ಬೃಹತ್ ಬಲೆಗಳಿಂದ ಟ್ಯೂನಾ ಬಾಚುವುದನ್ನು ಬಲ್ಲವನಿಗೆ ಆ ಮಾತು ಅಷ್ಟು ಬೇಗ ರುಚಿಸುವುದಿಲ್ಲ. ನಿಯಮದ ಬಿಗಿ ಮೊದಲು ದೊಡ್ಡ ಹಡಗಿಗೆ ತಟ್ಟಬೇಕೆಂಬುದು ನನ್ನ ಅಭಿಪ್ರಾಯ. ಆದರೆ ಆ ಹಡಗುಗಳ ಪರವಾನಗಿ ಶುಲ್ಕ ಬೊಕ್ಕಸಕ್ಕೂ ಬೇಕು, ತೊಡಕಿರುವುದು ಅಲ್ಲಿಯೇ.

1998ರಲ್ಲಿ ಕಡಲು ಕಾದಾಗ ಒಳದ್ವೀಪಗಳ ಸುತ್ತಲಿನ ಜೀವಂತ ಹವಳದಲ್ಲಿ ಶೇ 90ರಷ್ಟು ನಾಶವಾಯಿತು. ಆ ಬಿಸಿಗೆ ಸೇಶೆಲ್ಸ್‌ನ ಕೊಡುಗೆ ಲೆಕ್ಕಕ್ಕೆ ಸಿಗದಷ್ಟು ಅಲ್ಪ. ಹೀಗಿದ್ದೂ ತಲಾ ಆದಾಯದ ಲೆಕ್ಕದಲ್ಲಿ ‘ಶ್ರೀಮಂತ’ ಎನಿಸಿಕೊಂಡ ಕಾರಣಕ್ಕೆ ಅಗ್ಗದ ಅಭಿವೃದ್ಧಿ ಸಾಲ ಅದಕ್ಕೆ ಸುಲಭವಾಗಿ ದಕ್ಕುವುದಿಲ್ಲ. ಆದಾಯದ ಜೊತೆಗೆ ಅಪಾಯವನ್ನೂ ಅಳೆಯುವ ಸೂಚ್ಯಂಕ ಬೇಕೆಂದು ದ್ವೀಪರಾಷ್ಟ್ರಗಳು ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ ವಿಶ್ವಸಂಸ್ಥೆಯ ಮಹಾಸಭೆ 2024ರ ಆಗಸ್ಟ್‌ನಲ್ಲಿ ಅಂಥದೊಂದನ್ನು ಅಂಗೀಕರಿಸಿತು. ಸಾಲ ಕೊಡುವ ಬ್ಯಾಂಕುಗಳು ಅದನ್ನು ಬಳಸಲೇಬೇಕೆಂಬ ಕಟ್ಟುಪಾಡು ಮಾತ್ರ ಇಲ್ಲ.