ಏಳನೇ ಟ್ಯಾಂಕ್ 4.7ಕ್ಕೆ ನಿಂತಾಗ

ಸೆಲ್ಲಾರ್ ಬೋರ್ಡಿನಲ್ಲಿ ಏಳನೇ ಟ್ಯಾಂಕಿನ ಎದುರು ಬುಧವಾರ 4.8, ಗುರುವಾರ 4.7, ಶುಕ್ರವಾರವೂ 4.7. ವೈನರಿಯಲ್ಲಿ ಕೆಲಸ ಮಾಡಿದವರಿಗೆ ಇದರ ಮೇಲೆ ಹೇಳುವುದೇನೂ ಇಲ್ಲ. ಉಳಿದವರಿಗೆ: ಇದು ಬ್ರಿಕ್ಸ್, ರಸದ ಸಕ್ಕರೆಯ ಅಳತೆ. ಯೀಸ್ಟ್ ಸಕ್ಕರೆ ತಿಂದು ಆಲ್ಕೋಹಾಲ್ ಮಾಡುತ್ತಾ ಹೋದಂತೆ ಇಳಿಯಬೇಕು; ನಿಂತರೆ ಹುದುಗು ಅರ್ಧಕ್ಕೇ ನಿಂತಿದೆ ಅಂತ. ಒಳಗಿದ್ದದ್ದು ನಾಲ್ಕು ಟನ್ ಶಿರಾಜ್, ಕೆಂಪು ವೈನಿನ ದ್ರಾಕ್ಷಿ. ಎರಡು ಹಂಗಾಮಿನ ಹಿಂದಿನ ಮಾತು. ಕ್ರಶ್, ಅಂದರೆ ಹಣ್ಣು ಹಿಂಡುವ ಹಂಗಾಮು, ಶುರುವಾದರೆ ಈಗಲೂ ಆ ಟ್ಯಾಂಕಿನ ಮೈಗೆ ಕೈಯಿಟ್ಟು ನೋಡದೆ ಮುಂದೆ ಹೋಗಲು ಆಗುವುದಿಲ್ಲ.

ಎಡವಟ್ಟು ಶುರುವಾದದ್ದು ಹಣ್ಣಿನಿಂದಲೇ. ನಮ್ಮ ಸುತ್ತಮುತ್ತ, ದೊಡ್ಡಬಳ್ಳಾಪುರ, ನಂದಿ ತಪ್ಪಲು, ಚಿಕ್ಕಬಳ್ಳಾಪುರದ ಕಡೆ ರೈತರ ತೋಟದಲ್ಲಿ ಧಾರಾಳವಾಗಿ ಸಿಗುವುದು ಬೆಂಗಳೂರು ಬ್ಲೂ. 2013ರಲ್ಲಿ ಜಿಐ ಟ್ಯಾಗ್ ಸಿಕ್ಕಿದ ಹಣ್ಣು. ಹಿಸುಕಿದರೆ ತಿರುಳು ಗೋಲಿಯಂತೆ ಜಾರಿ ಹೊರಬರುತ್ತದೆ, ಸಕ್ಕರೆ 16ರಿಂದ 18 ಬ್ರಿಕ್ಸ್, ಘಮ ಬೀದಿಗೆಲ್ಲ. ಪೋರ್ಟ್ ಮಾದರಿಯ ಸಿಹಿ ವೈನಿಗೆ ಸರಿ, ಡ್ರೈ ರೆಡ್‌ಗೆ ಆಗುವುದಿಲ್ಲ. ನಂದಿ ಕಡೆಯ ಶಿರಾಜ್ ಆ ವರ್ಷ ಸಾಲದೆ ಉಳಿದದ್ದನ್ನು ವಿಜಯಪುರದಿಂದ ತರಿಸಿದರು. ಐನೂರು ಕಿಲೋಮೀಟರಿಗೂ ಮೇಲೆ. ಕೊಯ್ಲು ಬೆಳಗಿನ ಜಾವ ನಾಲ್ಕಕ್ಕೆ ಹಿಡಿದು ಎಂಟರೊಳಗೆ ಮುಗಿಯಬೇಕು, ಹಣ್ಣು ಸಂಜೆಯವರೆಗೆ ನೆರಳಲ್ಲಿ ಇರಬೇಕು, ಲಾರಿ ರಾತ್ರಿ ಓಡಬೇಕು. ಪರ್ಚೇಸ್‌ನವರು ಲಾರಿ ಬಾಡಿಗೆ ಚೌಕಾಸಿ ಮಾಡಿ ಹೊರಡಿಸಿದ್ದು ಮಟಮಟ ಮಧ್ಯಾಹ್ನ. ಮಾರನೇ ದಿನ ಹತ್ತು ಗಂಟೆಗೆ ಗೇಟಿಗೆ ಬಂತು. ಕ್ರೇಟಿನ ನಡುವೆ ಥರ್ಮಾಮೀಟರ್ ಚುಚ್ಚಿದರೆ 33 ಡಿಗ್ರಿ. ತಳದ ಸಾಲಿನ ಕ್ರೇಟುಗಳಲ್ಲಿ ಹಣ್ಣು ಒಡೆದು ರಸ ಸೋರಿ ನೊಣ ಮುತ್ತಿದ್ದವು.

ನಮ್ಮ ಎಸ್ಒಪಿಯಲ್ಲಿ, ಅಂದರೆ ಕೆಲಸದ ಕ್ರಮ ಬರೆದಿಟ್ಟ ಕಡತದಲ್ಲಿ, ಒಂದು ಸಾಲಿದೆ: ‘ಮಸ್ಟ್ ತಣ್ಣಗಿದ್ದಲ್ಲಿ 20 ಡಿಗ್ರಿಗೆ ಬೆಚ್ಚಗಾಗಿಸುವುದು’. ಮಸ್ಟ್ ಅಂದರೆ ಹಣ್ಣು ಒಡೆದ ಮೇಲಿನ ರಸ, ಸಿಪ್ಪೆ ಎಲ್ಲ. ಯಾವುದೋ ಫ್ರೆಂಚ್ ವೈನರಿಯ ಎಸ್ಒಪಿಯನ್ನು ಹಾಗೇ ಇಳಿಸಿಕೊಂಡದ್ದು. ಬೋರ್ಡೋದಲ್ಲಿ ಕೊಯ್ಲು ಸೆಪ್ಟೆಂಬರ್, ಅಕ್ಟೋಬರ್. ಹಣ್ಣು ಮಾಗುತ್ತಾ ಹೋದಂತೆ ಚಳಿ ಬರುತ್ತದೆ. ನಮ್ಮಲ್ಲಿ ತಿರುಗುಮುರುಗು. ಇಲ್ಲಿ ಬಳ್ಳಿ ಎಲೆ ಉದುರಿಸಿ ಮಲಗುವುದೇ ಇಲ್ಲ, ವರ್ಷಕ್ಕೆ ಎರಡು ಸಲ ಕತ್ತರಿ ಬೀಳುತ್ತದೆ, ಅದಕ್ಕೇ ಚಾಟ್ನಿ ಅನ್ನುವುದು. ಏಪ್ರಿಲ್ ಚಾಟ್ನಿ ಕಡ್ಡಿಗೆ, ಅಕ್ಟೋಬರ್ ಚಾಟ್ನಿ ಹಣ್ಣಿಗೆ. ಅಕ್ಟೋಬರ್‌ನಲ್ಲಿ ಕತ್ತರಿಸಿದ ಮೇಲೆ ಕಡ್ಡಿಯ ಕಣ್ಣುಗಳಿಗೆ (ಮೊಗ್ಗುಗಳಿಗೆ) ಹೈಡ್ರೋಜನ್ ಸಯನಮೈಡ್ ಹಚ್ಚಿದರೆ ಎಲ್ಲ ಒಟ್ಟಿಗೆ ಒಡೆಯುತ್ತವೆ. (ಹಚ್ಚುವ ದಿನಗಳಲ್ಲಿ ಕುಡಿದವನ ಮುಖ ಕೆಂಪೇರಿ ಎದೆ ಹೊಡೆದುಕೊಳ್ಳುತ್ತದೆ. ಕೂಲಿಯವರಿಗೆ ಇದನ್ನು ಹೇಳದೆ ಬಕೆಟ್ ಕೈಗೆ ಕೊಡಬೇಡಿ.) ಅಲ್ಲಿಂದ ನಾಲ್ಕೂವರೆ, ಐದು ತಿಂಗಳಿಗೆ ಕೊಯ್ಲು, ಅಂದರೆ ಫೆಬ್ರವರಿ, ಮಾರ್ಚ್. ಹಣ್ಣು ಬಿಸಿಲಿಗೆ ಎದುರಾಗಿ ಮಾಗುತ್ತದೆ. ಬೆಚ್ಚಗಾಗಿಸುವ ಪ್ರಶ್ನೆಯೇ ನಮಗೆ ಬಂದಿಲ್ಲ.

ಲ್ಯಾಬಿನ ಅಂಕಿ ಇನ್ನೊಂದು ತಲೆನೋವು. 25.5 ಬ್ರಿಕ್ಸ್, ಪಿಎಚ್ 3.92, ಟಿಎ (ಒಟ್ಟು ಆಮ್ಲ) ಲೀಟರಿಗೆ 4.6 ಗ್ರಾಂ. ಪಿಎಚ್ ಏರಿದಷ್ಟೂ ಹುಳಿ ಕಮ್ಮಿ. ಬೇರುಕಾಂಡ ಡಾಗ್‌ರಿಡ್ಜ್ ಅಂತ ನೋಡಿದ ತಕ್ಷಣವೇ ಗೊತ್ತಾಯಿತು. ಉಪ್ಪುನೀರು, ನೀರಿನ ಅಭಾವ ಎರಡನ್ನೂ ತಡೆಯುತ್ತದೆಂದು ತಿನ್ನುವ ದ್ರಾಕ್ಷಿಯವರು ನೆಚ್ಚಿಕೊಂಡ ಬೇರು ಅದು. ಆದರೆ ಪೊಟ್ಯಾಶಿಯಂ ಎಳೆದು ಹಣ್ಣಿಗೆ ತುಂಬುತ್ತದೆ, ಪೊಟ್ಯಾಶಿಯಂ ಟಾರ್ಟಾರಿಕ್ ಆಮ್ಲವನ್ನು ಕಟ್ಟಿಹಾಕುತ್ತದೆ, ಪಿಎಚ್ ಮೇಲೇರುತ್ತದೆ. ವೈನಿಗೆಂದೇ ನೆಡುವವರು 110-ಆರ್ ಎಂಬ ಬೇರಿನ ಮೇಲೆ ಕಸಿ ಮಾಡಿಸಲಿ.

ಲೀಟರಿಗೆ 1 ಗ್ರಾಂ ಟಾರ್ಟಾರಿಕ್ ಹಾಕಿದರೆ ಪಿಎಚ್ ಸುಮಾರು 0.1 ಇಳಿಯುತ್ತದೆ, ಇಂಥ ಹಣ್ಣಿನಲ್ಲಿ ಅದಕ್ಕಿಂತ ಕಡಿಮೆಯೇ. 3.6ಕ್ಕೆ ತರಲು 3,700 ಲೀಟರ್ ಮಸ್ಟಿಗೆ ಕನಿಷ್ಠ 12 ಕೆಜಿ ಬೇಕಿತ್ತು. ಸ್ಟೋರ್‌ನಲ್ಲಿದ್ದದ್ದು ಐದು. ಡಿಸೆಂಬರ್‌ನಲ್ಲಿ ಹಾಕಿದ ಇಂಡೆಂಟ್ (ಬೇಡಿಕೆ ಚೀಟಿ) ಮಾರ್ಚ್‌ನಲ್ಲೂ ‘ಅಂಡರ್ ಪ್ರೋಸೆಸ್’. ಐದು ಕೆಜಿ ಹಾಕಿ 3.80ಕ್ಕೆ ನಿಲ್ಲಿಸಿದೆವು. ಇದು ರುಚಿಯೊಂದರ ಪ್ರಶ್ನೆಯಲ್ಲ. ವೈನ್ ಕೆಡದಂತೆ ಹಾಕುವ ಸಲ್ಫರ್ ಡೈಆಕ್ಸೈಡನ್ನು ನಾವು ಸಲ್ಫರ್ ಅಂತಲೇ ಅನ್ನುವುದು. ಪಿಎಚ್ 3.4ರಲ್ಲಿ ಫ್ರೀ ಸಲ್ಫರ್‌ನ ನೂರಕ್ಕೆ ಎರಡೂವರೆ ಭಾಗ ಬ್ಯಾಕ್ಟೀರಿಯಾ ಮೇಲೆ ಕೆಲಸ ಮಾಡುವ ರೂಪದಲ್ಲಿರುತ್ತದೆ, 3.9ರಲ್ಲಿ ಬರೀ 0.8. ಅಂದರೆ ಅಲ್ಲಿ 32 ಪಿಪಿಎಂ ಮಾಡುವ ಕೆಲಸಕ್ಕೆ ಇಲ್ಲಿ 100 ಬೇಕು. ನಾವು ಎಂದಿನಂತೆ 50 ಪಿಪಿಎಂ ಲೆಕ್ಕದಲ್ಲಿ 370 ಗ್ರಾಂ ಕೆಎಂಎಸ್ (ಸಲ್ಫರ್ ಬಿಡುವ ಪೊಟ್ಯಾಶಿಯಂ ಮೆಟಾಬೈಸಲ್ಫೈಟ್) ಹಾಕಿ ಕೈ ತೊಳೆದುಕೊಂಡೆವು.

ಯೀಸ್ಟ್ ಹಾಕಿದ್ದು ಸರಿಯಾಗಿಯೇ ಇತ್ತು. ಹೆಕ್ಟೋಲೀಟರಿಗೆ (ನೂರು ಲೀಟರಿಗೆ) 25 ಗ್ರಾಂನಂತೆ 925 ಗ್ರಾಂ, ಹತ್ತರಷ್ಟು ನೀರು 38 ಡಿಗ್ರಿಯಲ್ಲಿ, ಇಪ್ಪತ್ತು ನಿಮಿಷ, ಆಮೇಲೆ ಸ್ವಲ್ಪಸ್ವಲ್ಪ ಮಸ್ಟ್ ಬೆರೆಸಿ ಎರಡರ ನಡುವಿನ ಅಂತರ ಹತ್ತು ಡಿಗ್ರಿಯೊಳಗೆ ಬಂದ ಮೇಲೆ ಟ್ಯಾಂಕಿಗೆ. ಊಟ ಕಮ್ಮಿ ಬಿತ್ತು. ಫಾರ್ಮಾಲ್ ಟೈಟ್ರೇಶನ್‌ನಲ್ಲಿ ಯೀಸ್ಟಿನ ಊಟವಾದ ಸಾರಜನಕ ಲೀಟರಿಗೆ 120 ಮಿಲಿಗ್ರಾಂ ಬಂದಿತ್ತು, 25.5 ಬ್ರಿಕ್ಸಿಗೆ 250ರ ಹತ್ತಿರ ಬೇಕು. ಹೆಕ್ಟೋಲೀಟರಿಗೆ 30 ಗ್ರಾಂ ಡಿಎಪಿ (ಡೈಅಮೋನಿಯಂ ಫಾಸ್ಫೇಟ್) ಹಾಕಿದರೆ 63 ಸೇರುತ್ತದೆ, ಅಷ್ಟೇ. ಎರಡನೇ ಡೋಸ್ ಸಕ್ಕರೆ ಮೂರನೇ ಒಂದು ಭಾಗ ಇಳಿದಾಗ, 17 ಬ್ರಿಕ್ಸ್ ಸುಮಾರಿಗೆ. ಅದು ಶನಿವಾರ ರಾತ್ರಿ ಬಂತು. ಬೋರ್ಡಿನಲ್ಲಿ ಕೆಂಪಕ್ಷರದಲ್ಲಿ ಬರೆದೂ ಇತ್ತು. ಶಿಫ್ಟ್ ಬಿಟ್ಟವರು ಬಂದವರು ಹಾಕ್ತಾರೆ ಅಂದುಕೊಂಡರು, ಬಂದವರು ಬಿಟ್ಟವರು ಹಾಕಿರ್ತಾರೆ ಅಂದುಕೊಂಡರು.

ಭಾನುವಾರ ಸಂಜೆ 11 ಬ್ರಿಕ್ಸ್, 28 ಡಿಗ್ರಿ. ರಾತ್ರಿ ಹತ್ತಕ್ಕೆ ಕರೆಂಟ್ ಹೋಯಿತು. ಜನರೇಟರ್ ತಾನಾಗೇ ಶುರುವಾಯಿತು, ದೀಪ ಬಂತು, ಚಿಲ್ಲರ್ ಸದ್ದೂ ಬಂತು. ಟ್ಯಾಂಕಿನ ಸುತ್ತಲ ಜಾಕೆಟ್ಟಿಗೆ ತಣ್ಣನೆಯ ಗ್ಲೈಕಾಲ್ ದ್ರವ ಹರಿಸುವ ಪಂಪಿನ ಸ್ಟಾರ್ಟರ್ ಮಾತ್ರ ಟ್ರಿಪ್ ಆಗಿಯೇ ಕೂತಿತ್ತು. ಆ ಪ್ಯಾನೆಲ್ಲಿಗೆ ಆಟೋ ರೀಸ್ಟಾರ್ಟ್ ಇಲ್ಲ, ಯಾರಾದರೂ ಹೋಗಿ ಹಸಿರು ಬಟನ್ ಒತ್ತಬೇಕು. ಚಿಲ್ಲರ್ ತನ್ನ ಪಾಡಿಗೆ ಗ್ಲೈಕಾಲ್ ತಣ್ಣಗೆ ಮಾಡಿಕೊಂಡು ಕೂತಿತ್ತು, ಜಾಕೆಟ್ಟಿಗೆ ಒಂದು ಹನಿಯೂ ಹರಿಯಲಿಲ್ಲ. ಜನರೇಟರ್ ಲೋಡ್ ತಡೆಯುವುದಿಲ್ಲ ಅಂತ ರಾತ್ರಿಯ ಪಂಪ್ ಓವರ್, ಅಂದರೆ ತಳದ ರಸವನ್ನು ಎತ್ತಿ ಮೇಲೆ ತೇಲುವ ಸಿಪ್ಪೆಗೆ ಸುರಿಯುವುದು, ಅದನ್ನೂ ಬಿಟ್ಟರು. ಫೋನಿನಲ್ಲಿ ಕೇಳಿದರು, ‘ಬಿಡಿ, ಬೆಳಿಗ್ಗೆ ಮಾಡೋಣ’ ಅಂದವನು ನಾನೇ. ಡಿಸ್‌ಪ್ಲೇ 29 ತೋರಿಸುತ್ತಿದೆ ಅಂದರು, ಅಷ್ಟು ಸಾಕಾಯಿತು ನನಗೆ.

ಆ 29ರ ಕಥೆ ಇಷ್ಟು. ಪ್ರೋಬ್ ಇರುವುದು ಟ್ಯಾಂಕಿನ ಕೆಳಗಿನ ಮೂರನೇ ಒಂದು ಭಾಗದಲ್ಲಿ, ರಸದೊಳಗೆ. ಕೆಂಪು ವೈನಿನಲ್ಲಿ ಬಿಸಿ ಹುಟ್ಟುವುದು ಮೇಲೆ ತೇಲುವ ಸಿಪ್ಪೆಯ ಕ್ಯಾಪಿನಲ್ಲಿ. ಯೀಸ್ಟ್ ಅಲ್ಲಿ ಒತ್ತೊತ್ತಾಗಿರುತ್ತದೆ, ಸಿಪ್ಪೆ ಕಂಬಳಿಯಂತೆ ಬಿಸಿಯನ್ನು ಹಿಡಿದಿಡುತ್ತದೆ. ಪಂಪ್ ಓವರ್ ಸರಿಯಾಗಿ ಆಗುತ್ತಿದ್ದಾಗಲೂ ಕ್ಯಾಪ್ ರಸಕ್ಕಿಂತ ಐದರಿಂದ ಹತ್ತು ಡಿಗ್ರಿ ಮೇಲಿರುವುದುಂಟು. ಒಂದು ಬ್ರಿಕ್ಸ್ ಇಳಿದರೆ ಸುಮಾರು 1.3 ಡಿಗ್ರಿ ಬಿಸಿ ಹುಟ್ಟುತ್ತದೆ, ಹೊರಗೆ ಒಯ್ಯುವ ಗ್ಲೈಕಾಲ್ ಇಲ್ಲದಿದ್ದರೆ ಅದು ಹೋಗುವುದೆಲ್ಲಿಗೆ?

ಸೋಮವಾರ ಬೆಳಿಗ್ಗೆ ಐದೂವರೆ. ಮೇಲೆ ಹತ್ತಿ ಮುಚ್ಚಳ ತೆಗೆದ ಹುಡುಗ ‘ಸರ್, ಕೈ ಇಡಕ್ ಆಗ್ತಿಲ್ಲ’ ಅಂದ. ಡಿಸ್‌ಪ್ಲೇ ಆಗಲೂ 30 ಅನ್ನುತ್ತಿತ್ತು. ಕೈ ಥರ್ಮಾಮೀಟರನ್ನು ಕ್ಯಾಪಿಗೆ ಒಂದು ಗೇಣು ಇಳಿಸಿದರೆ 41. ಬ್ರಿಕ್ಸ್ 7. ಸುಮಾರು ಹತ್ತು ಪರ್ಸೆಂಟ್ ಆಲ್ಕೋಹಾಲ್ ಇರುವ ಕಡೆ 35 ದಾಟಿದರೇ ಯೀಸ್ಟಿಗೆ ಕಷ್ಟ, 41 ಅಂದರೆ ಹೆಣ. ಪಂಪ್ ಓವರ್ ಹಚ್ಚಿದೆವು, ಎಲ್ಲ ಬೆರೆತು 34ಕ್ಕೆ ಬಂತು.

ಇಲ್ಲಿಂದ ಮುಂದಿನ ಎರಡು ತಪ್ಪು ಪೂರ್ತಿ ನನ್ನವು, ಕರೆಂಟಿನದಲ್ಲ. ಹೆದರಿ ಗ್ಲೈಕಾಲ್ ವಾಲ್ವ್ ಪೂರ್ತಿ ತೆರೆದಿಟ್ಟೆ. ಸಂಜೆಗೆ 18. ಬಿಸಿಯಲ್ಲಿ ಬೆಂದು ಉಳಿದ ಅಷ್ಟಿಷ್ಟು ಯೀಸ್ಟ್ ಈ ಚಳಿಗೆ ತಳ ಹಿಡಿಯಿತು. 28ಕ್ಕೆ ತಂದು ಅಲ್ಲೇ ನಿಲ್ಲಿಸಬೇಕಿತ್ತು. ಮಂಗಳವಾರ 5.4. ಬುಧವಾರ 4.8. ಆಗ ‘ಊಟ ಕಮ್ಮಿಯಾಗಿದೆ’ ಅನ್ನಿಸಿ, ಶನಿವಾರ ಹಾಕಬೇಕಿದ್ದ ಡಿಎಪಿಯನ್ನು ಬುಧವಾರ ಹಾಕಿದೆ, 740 ಗ್ರಾಂ. ಅಷ್ಟು ಆಲ್ಕೋಹಾಲ್ ಇರುವಾಗ ಯೀಸ್ಟ್ ಅಮೋನಿಯಂ ಒಳಗೆ ಎಳೆದುಕೊಳ್ಳುವುದೇ ಇಲ್ಲ. ಅದು ಟ್ಯಾಂಕಿನಲ್ಲಿ ಉಳಿಯುತ್ತದೆ, ಬೇರೆ ಯಾರಿಗೋ ಮೇವಾಗುತ್ತದೆ.

ಆ ‘ಬೇರೆ ಯಾರೋ’ ಶುಕ್ರವಾರ ಮೂಗಿಗೆ ಬಂದರು. ಸೋಮವಾರ 0.32 ಇದ್ದ ವಿಎ (ವಿನೆಗರಿನ ಆಮ್ಲ, ಲೀಟರಿಗೆ ಗ್ರಾಂ ಲೆಕ್ಕ) 0.58. ಆಮೇಲಷ್ಟೇ ಸೂಕ್ಷ್ಮದರ್ಶಕ ಹೊರತೆಗೆದೆವು. ಒಂದು ಹನಿ ವೈನ್, ಒಂದು ಹನಿ ಮೀಥಿಲೀನ್ ಬ್ಲೂ; ಸತ್ತ ಕೋಶ ನೀಲಿಯಾಗುತ್ತದೆ, ಬದುಕಿದ್ದು ಬೆಳ್ಳಗೆ ಉಳಿಯುತ್ತದೆ. ಹತ್ತರಲ್ಲಿ ಏಳು ನೀಲಿ. ಮಧ್ಯೆ ಮಧ್ಯೆ ಸಣ್ಣ ಕಡ್ಡಿಗಳು, ಲ್ಯಾಕ್ಟಿಕ್ ಬ್ಯಾಕ್ಟೀರಿಯಾ. ಸಕ್ಕರೆ ಉಳಿದ ವೈನಿನಲ್ಲಿ ಇವು ಕೈಯಿಟ್ಟರೆ ಸಕ್ಕರೆಯಿಂದಲೇ ವಿನೆಗರ್ ಆಮ್ಲ ಮಾಡುತ್ತವೆ, 3.8 ಪಿಎಚ್ ಅವಕ್ಕೆ ತವರುಮನೆ. ಐದು ನಿಮಿಷದ ಈ ಪರೀಕ್ಷೆಯನ್ನು ಸೋಮವಾರವೇ ಮಾಡಿದ್ದರೆ ನಾಲ್ಕು ದಿನ ಉಳಿಯುತ್ತಿತ್ತು.

ರಸದಲ್ಲಿ ತೇಲಿಸಿ ಬ್ರಿಕ್ಸ್ ನೋಡುವ ಹೈಡ್ರೋಮೀಟರ್ 4.7 ಅಂದರೆ ಸಕ್ಕರೆ ಲೀಟರಿಗೆ 47 ಗ್ರಾಂ ಅಂತ ತಿಳಿದುಕೊಂಡವರು ನಮ್ಮ ಆಫೀಸಿನಲ್ಲೂ ಇದ್ದಾರೆ. ಆಲ್ಕೋಹಾಲ್ ರಸಕ್ಕಿಂತ ಹಗುರ, ಅಳತೆಯನ್ನು ಕೆಳಗೆ ಎಳೆಯುತ್ತದೆ. ನಿಜವಾಗಿ ಇದ್ದದ್ದು 55ರಿಂದ 60. ಪೂರ್ತಿ ಡ್ರೈ ಆದ ವೈನ್ ಸೊನ್ನೆಗೆ ನಿಲ್ಲುವುದಿಲ್ಲ, ಮೈನಸ್ ಒಂದೂವರೆಯ ಆಸುಪಾಸಿಗೆ ಹೋಗುತ್ತದೆ. ಒಂದು ಹನಿ ರಸದಲ್ಲಿ ಬೆಳಕು ಬಾಗುವುದನ್ನು ನೋಡಿ ಬ್ರಿಕ್ಸ್ ಹೇಳುವ ರಿಫ್ರಾಕ್ಟೋಮೀಟರ್ ತೋಟಕ್ಕೆ ಮಾತ್ರ, ಹುದುಗು ಶುರುವಾದ ಮೇಲೆ ಅದು ಹೇಳುವುದೆಲ್ಲ ಸುಳ್ಳು.

ಮತ್ತೆ ಎಬ್ಬಿಸಿದ್ದು ಹೀಗೆ. ಮೊದಲು ರಸ ಬಸಿದು, ಸಿಪ್ಪೆ ಪ್ರೆಸ್ಸಿಗೆ ಹಾಕಿ, ತಳಕ್ಕೆ ಕೂತ ಸತ್ತ ಯೀಸ್ಟಿನ ಗಸಿ (ಲೀಸ್) ಬಿಟ್ಟು 2,700 ಲೀಟರ್ ಬೇರೆ ಟ್ಯಾಂಕಿಗೆ. ಸಿಪ್ಪೆ ಎಳೆಯುವಾಗ ಬ್ಲೋವರ್ ಹಾಕದೆ ಮ್ಯಾನ್‌ಹೋಲಿನೊಳಗೆ ತಲೆ ಇಡಬಾರದು. ಒಂದು ಲೀಟರ್ ರಸ ಹುಳಿತರೆ ಐವತ್ತು ಲೀಟರಿನಷ್ಟು ಕಾರ್ಬನ್ ಡೈಆಕ್ಸೈಡ್ ಬರುತ್ತದೆ, ಗಾಳಿಗಿಂತ ಭಾರ, ತಳದಲ್ಲೇ ಕೂರುತ್ತದೆ. ಒಬ್ಬ ಒಳಗಿದ್ದರೆ ಒಬ್ಬ ಹೊರಗೆ ಹಗ್ಗ ಹಿಡಿದಿರಬೇಕು. ಬಿದ್ದವನನ್ನು ಎತ್ತಲು ಇಳಿದವನೂ ಅಲ್ಲೇ ಬೀಳುತ್ತಾನೆ.

ಆಮೇಲೆ ಬ್ಯಾಕ್ಟೀರಿಯಾ ಕೊಲ್ಲಲು ಲೈಸೊಜೈಮ್ ಎಂಬ ಕಿಣ್ವ, ಲೀಟರಿಗೆ 250 ಮಿಲಿಗ್ರಾಂ. ಬಣ್ಣ ಸ್ವಲ್ಪ ಹೋಗುತ್ತದೆಂದು ಗೊತ್ತಿದ್ದೂ ಹಾಕಿದೆವು. ಸತ್ತ ಯೀಸ್ಟ್ ಬಿಟ್ಟ ವಿಷ ಹೀರಲು ಯೀಸ್ಟ್ ಹಲ್ಸ್ (ಯೀಸ್ಟ್ ಕೋಶದ ಹೊರಸಿಪ್ಪೆ) 675 ಗ್ರಾಂ, ಎರಡು ದಿನ ಬಿಟ್ಟು ತಿಳಿಯನ್ನು ಬೇರೆ ಟ್ಯಾಂಕಿಗೆ ಬಸಿಯುವುದು, ಅಂದರೆ ಮತ್ತೆ ರ‍್ಯಾಕಿಂಗ್. ಹೊಸ ಯೀಸ್ಟ್ ಇಸಿ-1118 ಎಂಬ ತಳಿ, ಹೆಕ್ಟೋಲೀಟರಿಗೆ 40 ಗ್ರಾಂನಂತೆ 1,080 ಗ್ರಾಂ. ಇದನ್ನು ನೇರ ಟ್ಯಾಂಕಿಗೆ ಸುರಿದರೆ ಬದುಕುವುದು ಕಷ್ಟ, ಆಲ್ಕೋಹಾಲ್ ಕುಡಿಸಿ ಪಳಗಿಸಬೇಕು. ನಿಂತ ವೈನ್ 67 ಲೀಟರ್, ಅಷ್ಟೇ ನೀರು, ಸಕ್ಕರೆ ಸೇರಿಸಿ 5 ಬ್ರಿಕ್ಸ್, 25 ಡಿಗ್ರಿ. ಅದರಲ್ಲಿ ಯೀಸ್ಟ್ ಬಿಟ್ಟು, ಬ್ರಿಕ್ಸ್ ಅರ್ಧಕ್ಕೆ ಇಳಿದಾಗ ಟ್ಯಾಂಕಿನ ಐದನೇ ಒಂದು ಭಾಗ ವೈನ್. ಮತ್ತೆ ಅರ್ಧಕ್ಕೆ ಇಳಿದಾಗ ಇನ್ನೊಂದು ಭಾಗ. ಪೂರ್ತಿ ಸೊನ್ನೆಗೆ ಬಿಟ್ಟರೆ ಯೀಸ್ಟ್ ಹಸಿದು ಸೊರಗುತ್ತದೆ, ಅವಸರಪಟ್ಟು ಬೇಗ ಸುರಿದರೆ ಮತ್ತೆ ನಿಲ್ಲುತ್ತದೆ. ಅದಕ್ಕೇ ರಾತ್ರಿ ಎರಡಕ್ಕೂ ಎದ್ದು ಹೈಡ್ರೋಮೀಟರ್ ಮುಳುಗಿಸುವುದು. ಯೀಸ್ಟ್ ಮೊದಲು ಗ್ಲೂಕೋಸ್ ತಿಂದು ಫ್ರಕ್ಟೋಸ್ ಉಳಿಸಿರುತ್ತದೆ. ಹೊಸಬರಿಗೆ ಸಿಗುವುದು ಹೆಚ್ಚಾಗಿ ಆ ಎಂಜಲು, ಆದ್ದರಿಂದ ಕೊನೆಯ ಒಂದು ಬ್ರಿಕ್ಸ್ ಇಳಿಯಲು ಐದು ದಿನ ಹಿಡಿಯಿತು. ಒಟ್ಟು ಹದಿಮೂರು ದಿನ. ಮೈನಸ್ 1.2ಕ್ಕೆ ಮುಗಿಯಿತು.

ಆ ಹದಿಮೂರು ದಿನವೂ ಪಕ್ಕದ ಟ್ಯಾಂಕಿನಲ್ಲಿ ಬೆಂಗಳೂರು ಬ್ಲೂ ಯಾರ ಗೊಡವೆಯೂ ಇಲ್ಲದೆ ಹುಳಿದು, ಮುಗಿದು, ಬಸಿದು ಹೋಗಿತ್ತು. ಸಕ್ಕರೆ ಕಮ್ಮಿ, ಹುಳಿ ಜಾಸ್ತಿ, ನಲವತ್ತು ಕಿಲೋಮೀಟರ್ ದೂರದ ತೋಟ. ನಾವು ದಿನಾ ಬೈಯುವ ಹಣ್ಣು.

ಏಳನೇ ಟ್ಯಾಂಕಿನ ವಿಎ 0.74ಕ್ಕೆ ನಿಂತಿತು. ಗ್ಲಾಸಿಗೆ ಮೂಗಿಟ್ಟರೆ ಮೊದಲು ನೇಲ್ ಪಾಲಿಶ್, ಆಮೇಲೆ ಶಿರಾಜ್. ರಿಸರ್ವ್ ಲೇಬಲ್ಲಿಗೆ ಅಂತ ತಂದ ಹಣ್ಣನ್ನು ಹೌಸ್ ರೆಡ್‌ನಲ್ಲಿ ನೂರಕ್ಕೆ ಹತ್ತರಂತೆ ಬೆರೆಸಿ ವರ್ಷವಿಡೀ ಖರ್ಚು ಮಾಡಿದೆವು. ಹೆಡ್ ಆಫೀಸಿನವರು ಕೇಳಿದ್ದು ಒಂದೇ: ಬ್ರಿಕ್ಸನ್ನು ಇನ್ನು ಮುಂದೆ ಎಕ್ಸೆಲ್‌ನಲ್ಲಿ ಯಾಕೆ ಹಾಕಬಾರದು. ಈಗ ಹಾಕುತ್ತೇವೆ, ಎರಡು ಕಡೆ.

ಕ್ಯಾಪಿಗೆ ಇಳಿಸುವ ನಾಲ್ಕಡಿ ಡಯಲ್ ಥರ್ಮಾಮೀಟರನ್ನು ಚಿಕ್ಕಪೇಟೆಯ ಹಿಂದಿನ ಗಲ್ಲಿಯಿಂದ ನಾವೇ ತಂದು ಮ್ಯಾನ್‌ವೇ ಹಿಡಿಕೆಗೆ ಹಗ್ಗದಲ್ಲಿ ಕಟ್ಟಿದ್ದೇವೆ. ಆಟೋ ರೀಸ್ಟಾರ್ಟ್ ರಿಲೇ ಇನ್ನೂ ಬಂದಿಲ್ಲ, ಇಂಡೆಂಟ್ ‘ಅಂಡರ್ ಪ್ರೋಸೆಸ್’. ಹಸಿರು ಬಟನ್ನಿನ ಸುತ್ತ ಬಿಳಿ ಪೇಂಟ್ ಬಳಿದು, ರಾತ್ರಿ ಕರೆಂಟ್ ಹೋಗಿ ಬಂದರೆ ಒತ್ತಲು ವಾಚ್‌ಮನ್ ತಾತನಿಗೆ ಹೇಳಿಟ್ಟಿದ್ದೇವೆ. ತಾತ ಒತ್ತುತ್ತಾರೆ. ಒತ್ತಿ, ಎಷ್ಟೇ ಹೊತ್ತಾಗಿರಲಿ, ಫೋನ್ ಮಾಡಿ ‘ಒತ್ತಿದೆ ಕಣಪ್ಪ’ ಅಂತಾರೆ.