ಗೆದೆಲಾನ್ ಕೋಟೆಯ ಹೆಬ್ಬಾಗಿಲು, 1:20 ಮಾದರಿ: ಕಮಾನು ನಿಲ್ಲುವವರೆಗೆ

ಫ್ರಾನ್ಸಿನ ಬರ್ಗಂಡಿಯಲ್ಲಿ, ಯೊನ್ ಜಿಲ್ಲೆಯ ಕಾಡಿನ ನಡುವೆ, 1997ರಿಂದ ಏಳುತ್ತಿರುವ ಕೋಟೆ ಗೆದೆಲಾನ್. 13ನೇ ಶತಮಾನದ ಉಪಕರಣ, ಅದೇ ಕಾಲದ ಕ್ರಮ. ಕೆಲಸ 1228ರಲ್ಲಿ ಶುರುವಾಯಿತೆಂದು ಇಟ್ಟುಕೊಂಡು ನಕ್ಷೆ ಮಾಡಿದ್ದಾರೆ. ಸೇಂತ್ ಫಾರ್ಜೊ ಕೋಟೆಯನ್ನು ದುರಸ್ತಿ ಮಾಡಿಸಿದ ಮಿಶೆಲ್ ಗಿಯೊ ಇದರ ಮೂಲಪುರುಷರಲ್ಲೊಬ್ಬರು. ಜಾಗ ಹಳೆಯ ಕಲ್ಲುಗಣಿ. ಕಲ್ಲು, ಓಕ್ ಮರ, ಮರಳು, ಜೇಡಿ ಎಲ್ಲವೂ ಕೈಗೆಟಕುವಷ್ಟು ಹತ್ತಿರ.

ನಕ್ಷೆ ಫ್ರಾನ್ಸಿನ ದೊರೆ ಫಿಲಿಪ್ ಆಗಸ್ಟಸ್ (ಆಳ್ವಿಕೆ 1180–1223) ಕಾಲದ ಶೈಲಿಯದು: ಚೌಕಾಕಾರದ ಪ್ರಾಕಾರ, ಮೂಲೆಗೆ ದುಂಡು ಬುರುಜು, ಅವುಗಳಲ್ಲಿ ಒಂದು ಮಿಕ್ಕವಕ್ಕಿಂತ ದೊಡ್ಡದು, ಬಾಗಿಲಿನ ಎರಡೂ ಕಡೆ ಅವಳಿ ಬುರುಜು. ಈ ಮಾದರಿಯಲ್ಲಿ ಬಾಗಿಲಿನ ಭಾಗ ಮಾತ್ರ. ಅಲ್ಲಿನ ಕಮಾನಿನ ನಕಲು ಇದಲ್ಲ; ಅಲ್ಲಿನ ಕಟ್ಟುವ ಕ್ರಮ ಚಿಕ್ಕ ಅಳತೆಯಲ್ಲೂ ನಿಲ್ಲುತ್ತದೆಯೇ ಎಂಬ ಪರೀಕ್ಷೆ.

ಪಾಯ ಗುರುತು

12 ಸಮ ಅಂತರದ ಗಂಟುಹಗ್ಗವೇ ಮೂಲೆಮಟ್ಟ. ಅಂತರ 5 ಸೆಂಮೀ. 15, 20, 25 ಸೆಂಮೀ ಬದಿಯ ತ್ರಿಕೋನವಾಗಿ ಎಳೆದರೆ ಲಂಬಕೋನ ಸಿಗುತ್ತದೆ. ಚಿಕ್ಕ ಅಳತೆಯಲ್ಲಿ ಗಂಟೇ ದಾರವನ್ನು ತಿನ್ನುತ್ತದೆ. ಅಂತರವನ್ನು ಮೊದಲೇ ಗುರುತಿಸಿ ಗಂಟು ಹಾಕಿದರೆ ಕೋನ ತಪ್ಪುತ್ತದೆ; ಒಂದೊಂದೇ ಗಂಟು ಹಾಕುತ್ತ, ಅದರ ನಡುವಿನಿಂದ ಮುಂದಿನದಕ್ಕೆ ಅಳೆಯಬೇಕು. ಹತ್ತಿದಾರ ಹಿಗ್ಗುತ್ತದೆ, ಮೇಣ ಸವರಿದ ನಾರಿನ ದಾರ ವಾಸಿ.

ಗೋಡೆ

ದಪ್ಪ 10 ಸೆಂಮೀ. ಎರಡು ಮುಖದ ಕಲ್ಲು, ನಡುವೆ ಚೂರುಕಲ್ಲು ಮತ್ತು ಗಾರೆ. ನಡುವೆ ಒಣ ಚೂರು ಸುರಿದರೆ ಮುಖಗಳು ಹೊಟ್ಟೆ ಬಿಡುತ್ತವೆ. ಪ್ರತಿ ಮೂರನೇ ಸಾಲಿನಲ್ಲಿ ಒಳಕ್ಕೆ ಆಳವಾಗಿ ಹೋಗುವ ಉದ್ದಕಲ್ಲು ಬೇಕು. ಕಲ್ಲು ಕೆಂಪು ಮರಳುಗಲ್ಲಿನ ಚೂರು. ಗೆದೆಲಾನ್ ಕಲ್ಲಿಗೂ ಬಣ್ಣ ಬಂದಿರುವುದು ಕಬ್ಬಿಣದ ಅಂಶದಿಂದಲೇ. ಬಾದಾಮಿ ನೋಡಿದವರಿಗೆ ಹೊಸದೆನಿಸದು.

ಗಾರೆ: ನೆನೆಸಿದ ಸುಣ್ಣ 1, ಮರಳು 3, ಗಾತ್ರದ ಲೆಕ್ಕದಲ್ಲಿ. ಮರಳನ್ನು 1 ಮಿಮೀ ಜರಡಿಯಲ್ಲಿ ಸೋಸಬೇಕು, ಸಂದು 1.5 ಮಿಮೀ ಇರುವುದರಿಂದ ದಪ್ಪ ಕಾಳೊಂದು ಸಿಕ್ಕರೂ ಕಲ್ಲು ಕೂರುವುದಿಲ್ಲ. ಸುಣ್ಣ ಗಟ್ಟಿಯಾಗುವುದು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು, ಅದಕ್ಕೆ ತೇವವೂ ಬೇಕು. ಬೇಗ ಒಣಗಿದರೆ ಉಗುರಿಗೆ ಪುಡಿಪುಡಿ. ಗೆದೆಲಾನ್‌ನಲ್ಲಿ ಹಸಿ ಗಾರೆಗೆ ಹಿಮದ ಭಯ, ಹಾಗಾಗಿ ಚಳಿಗಾಲದಲ್ಲಿ ಗೋಡೆಯ ಕೆಲಸ ನಿಲ್ಲುತ್ತದೆ. ಇಲ್ಲಿ ಭಯ ಬಿಸಿಲಿನದು. ಒದ್ದೆ ಗೋಣಿ ಹೊದಿಸಿ ಏಳು ದಿನ ನೆರಳಲ್ಲಿಟ್ಟಿದೆ.

ಕಮಾನು

ಅರ್ಧವೃತ್ತ, ಒಳ ಅಗಲ 12 ಸೆಂಮೀ, ಕಲ್ಲಿನ ಎತ್ತರ 2.5 ಸೆಂಮೀ, ಒಟ್ಟು 11 ಕಲ್ಲು. ಒಳ ಬಾಗು 188.5 ಮಿಮೀ. ಅದರಲ್ಲಿ 12 ಸಂದಿಗೆ 18 ಮಿಮೀ ಕಳೆದರೆ ಪ್ರತಿ ಕಲ್ಲಿನ ಕೆಳಮುಖ 15.5 ಮಿಮೀ, ಮೇಲ್ಮುಖ 22.6 ಮಿಮೀ. ಪ್ರತಿಯೊಂದನ್ನೂ ತಗಡಿನ ಅಚ್ಚಿಗೆ ಹಿಡಿದು ಉಜ್ಜಬೇಕು. ಕಲ್ಲಿಗೆ 0.3 ಮಿಮೀ ಹೆಚ್ಚಾದರೂ ಕೊನೆಗೆ 3 ಮಿಮೀಗಿಂತ ಹೆಚ್ಚು ಕೂಡಿಬಂದು ನೆತ್ತಿಯ ಕಲ್ಲು ಹಿಡಿಯುವುದಿಲ್ಲ.

ಸೆಂಟ್ರಿಂಗ್ (ಕಮಾನು ತಾನೇ ನಿಲ್ಲುವವರೆಗೆ ಕಲ್ಲು ಹೊರುವ ತಾತ್ಕಾಲಿಕ ಆಸರೆ) ಪ್ಲೈವುಡ್‌ನದು, ಕೆಳಗೆ ಎರಡೆರಡು ಬೆಣೆ. ಎರಡೂ ಬದಿಯಿಂದ ಸಮವಾಗಿ ಕಲ್ಲಿಟ್ಟು ನೆತ್ತಿಗಲ್ಲನ್ನು ಕೊನೆಗೆ ಇಳಿಸುವುದು.

ಮೊದಲ ಕಮಾನು ಹೋಯಿತು. ಎರಡನೇ ದಿನಕ್ಕೇ ಬೆಣೆ ಎಳೆದಾಗ ನೆತ್ತಿಯ ಕೆಳಗಿನ ಸಂದು ಬಾಯಿಬಿಟ್ಟಿತು, ಹೆಗಲ ಭಾಗದಲ್ಲಿ (ಬುಡಕ್ಕೂ ನೆತ್ತಿಗೂ ನಡುವೆ) ಮೇಲಿನ ಸಂದು ಬಿರಿಯಿತು. ಈ ಎರಡು ಬಿರುಕು ಒಟ್ಟಿಗೆ ಕಂಡರೆ ಅರ್ಥ ಒಂದೇ: ಬುಡ ಹೊರಕ್ಕೆ ಸರಿದಿದೆ. ತಪ್ಪನ್ನು ನೆತ್ತಿಗಲ್ಲಿನ ಮೇಲೆ ಹಾಕಬಾರದು. ಕಮಾನು ಪಕ್ಕಕ್ಕೆ ತಳ್ಳುತ್ತದೆ, ಅದನ್ನು ತಡೆಯಲು ಹೆಗಲ ಮೇಲೆ ತೂಕವಿರಲಿಲ್ಲ.

ಎರಡನೇ ಸಲ ಸೆಂಟ್ರಿಂಗ್ ಇರುವಾಗಲೇ ಹೆಗಲಿಗೆ 5 ಸೆಂಮೀ ಎತ್ತರ ಕಲ್ಲು–ಗಾರೆ ತುಂಬಿ, 21 ದಿನ ಬಿಟ್ಟು, ಬೆಣೆಯನ್ನು ದಿನಕ್ಕೆ 1 ಮಿಮೀ ಇಳಿಸಿದೆ. ಮೂರನೇ ದಿನ ಸೆಂಟ್ರಿಂಗ್ ಮತ್ತು ಕಲ್ಲಿನ ನಡುವೆ ಹಾಳೆ ಸಲೀಸಾಗಿ ಜಾರಿತು, ಸಂದುಗಳೆಲ್ಲ ಮುಚ್ಚಿಯೇ ಇದ್ದವು.

ಮುಂದಿನದು ಬಲಬದಿಯ ಬುರುಜು. ಅದರ ಬಾಣಗಂಡಿಗೆ ಕಲ್ಲು ಕಡಿಯುವುದು ನಡೆದಿದೆ.