‘ಯಾರಿಂದ ಬಂತು?’ ಎಂದು ಕೇಳುವವರಿಗೆ

ಹನ್ನೊಂದು ವರ್ಷಗಳಿಂದ ಒಂದು ಸರ್ಕಾರಿ ಆಸ್ಪತ್ರೆಯ ಸುರಕ್ಷಾ ಕ್ಲಿನಿಕ್‌ನಲ್ಲಿ ಆಪ್ತಸಮಾಲೋಚಕಿಯಾಗಿದ್ದೇನೆ. ಲೈಂಗಿಕ ಸೋಂಕುಗಳಿಗೆ ಉಚಿತವಾಗಿ ಔಷಧಿ ಕೊಡುವ ಕೋಣೆ ಅದು. ವೈದ್ಯರು ಚೀಟಿಯಲ್ಲಿ ‘ಜನನಾಂಗದ ಹರ್ಪಿಸ್’ ಎಂದು ಬರೆದ ಮೇಲೆ ರೋಗಿ ಬಂದು ನನ್ನ ಮೇಜಿನ ಮುಂದೆ ಕೂರುತ್ತಾರೆ. ಮಾತ್ರೆ ಎಷ್ಟು ದಿನ ನುಂಗಬೇಕು ಎಂದು ಕೇಳುವುದಿಲ್ಲ. ಉರಿ ಯಾವಾಗ ಇಳಿಯುತ್ತದೆ ಎಂದೂ ಕೇಳುವುದಿಲ್ಲ. ಕೇಳುವುದು ಒಂದೇ: “ಇದು ಯಾರಿಂದ ಬಂತು?” ಮದುವೆ ಮನೆಗಳಲ್ಲಿ ನನ್ನ ಕೆಲಸ ಗೊತ್ತಿರುವ ನೆಂಟರು ಪಕ್ಕಕ್ಕೆ ಕರೆದು ಕೇಳುವುದೂ ಇದನ್ನೇ. ಬಾಯಿ ನೋಯುವಷ್ಟು ಸಲ ಉತ್ತರಿಸಿದ್ದೇನೆ. ಇನ್ನು ಬರೆದುಬಿಡುತ್ತೇನೆ.

ಯಾರಿಂದ ಬಂತೆಂದು ಹೇಳಲು ಸಾಧ್ಯವಿಲ್ಲ. ನನ್ನಿಂದಲೂ ಇಲ್ಲ, ವೈದ್ಯರಿಂದಲೂ ಇಲ್ಲ, ನೀವು ಹಣ ಕೊಟ್ಟು ಮಾಡಿಸಿಕೊಂಡು ಬಂದ ರಕ್ತ ಪರೀಕ್ಷೆಯಿಂದಲೂ ಇಲ್ಲ.

ಹರ್ಪಿಸ್ ಸಿಂಪ್ಲೆಕ್ಸ್ ವೈರಾಣುವಿನಲ್ಲಿ ಎರಡು ಬಗೆ. ಒಂದನೆಯದು ಹೆಚ್ಚಾಗಿ ಬಾಯಿಯ ಸುತ್ತ, ಎರಡನೆಯದು ಹೆಚ್ಚಾಗಿ ಜನನಾಂಗದ ಸುತ್ತ. ಆದರೆ ಬಾಯಿಯದು ಮುಖಮೈಥುನದ ಮೂಲಕ ಕೆಳಗೂ ತಲುಪುತ್ತದೆ. ಚರ್ಮಕ್ಕೆ ಚರ್ಮ ತಾಗಿದಾಗ ಒಳಹೊಕ್ಕ ವೈರಾಣು ನರದ ಗುಂಟ ಏರಿ ಬೆನ್ನುಹುರಿಯ ಬುಡದ ನರಗಂಟಿನಲ್ಲಿ ನೆಲೆಸುತ್ತದೆ, ಜೀವಮಾನವಿಡೀ ಅಲ್ಲೇ ಇರುತ್ತದೆ. ಕೆಲವರಿಗೆ ಎರಡರಿಂದ ಹನ್ನೆರಡು ದಿನಗಳಲ್ಲಿ ಗುಳ್ಳೆ ಏಳುತ್ತದೆ. ಬಹಳಷ್ಟು ಜನರಿಗೆ ಏನೂ ಕಾಣುವುದಿಲ್ಲ, ಅಥವಾ ಕಂಡದ್ದನ್ನು ಅವರು ಗಮನಿಸುವುದಿಲ್ಲ. ಮೊದಲ ಗುಳ್ಳೆ ಕಣ್ಣಿಗೆ ಬೀಳುವುದು ಸೋಂಕು ತಗುಲಿ ವರ್ಷಗಳಾದ ಮೇಲೂ ಇರಬಹುದು. ಮಳೆ ಬಿದ್ದಾಗ ಮೊಳಕೆ ಕಂಡಿತೆಂದು ಬೀಜ ಬಿದ್ದದ್ದೂ ಅಂದೇ ಎನ್ನಲಾಗುತ್ತದೆಯೇ? ಹೋದ ತಿಂಗಳು ಹೆಂಡತಿ ಎಲ್ಲಿಗೆ ಹೋಗಿದ್ದಳು ಎಂದು ಲೆಕ್ಕ ಹಾಕುತ್ತ ಕೂರುವವರು ಇಷ್ಟನ್ನು ತಿಳಿದುಕೊಳ್ಳಲಿ.

ಹೌದು, ಲೆಕ್ಕ ಹಾಕುವುದು ಹೆಂಡತಿಯದ್ದನ್ನೇ. ನನಗೆ ಸಿಟ್ಟು ಬರುವುದು ಪ್ರಶ್ನೆಗಿಂತ ಅದನ್ನು ಕೇಳುವ ರೀತಿಗೆ. ಗಂಡಸರು “ಇವಳಿಗೆ ಹೇಗೆ ಬಂತು?” ಎನ್ನುತ್ತಾರೆ. ಹೆಂಗಸರು “ನನಗೆ ಯಾಕೆ ಬಂತು?” ಎನ್ನುತ್ತಾರೆ.

ಇನ್ನು ಕೆಲವರು ಉತ್ತರವನ್ನು ತಾವೇ ತಂದಿರುತ್ತಾರೆ: “ಬಸ್ ನಿಲ್ದಾಣದ ಶೌಚಾಲಯದಿಂದ ಬಂದಿರಬೇಕು, ಅಲ್ಲವೇ ಮೇಡಂ?” ಹೌದು ಎಂದುಬಿಟ್ಟರೆ ಒಂದು ಸಂಸಾರ ಅಂದಿನ ಮಟ್ಟಿಗೆ ಉಳಿಯುತ್ತದೆ ಎಂದು ಎಷ್ಟೋ ಸಲ ಅನ್ನಿಸಿದೆ. ಆದರೂ ಹೇಳುವುದಿಲ್ಲ. ಈ ವೈರಾಣು ಮೈಯಿಂದ ಹೊರಬಿದ್ದರೆ ಬೇಗ ಸಾಯುತ್ತದೆ, ಶೌಚಾಲಯದ ಆಸನದಿಂದ ಹರಡುವುದಿಲ್ಲ. ಸುಳ್ಳು ಹೇಳಿ ಕಳಿಸಿದರೆ ಅವರು ಬಸ್ ನಿಲ್ದಾಣಕ್ಕೆ ಹೆದರುತ್ತಾರೆ, ಕಾಂಡೋಮ್ ಮರೆಯುತ್ತಾರೆ. ಹೆಸರು ಕೇಳಿ ಇದನ್ನು ಸರ್ಪಸುತ್ತು ಎಂದುಕೊಂಡು ಕಾವಿ ಹಚ್ಚಿಸಿಕೊಂಡು ಬಂದವರೂ ಇದ್ದಾರೆ. ಸರ್ಪಸುತ್ತಿಗೂ ಇಂಗ್ಲಿಷಿನಲ್ಲಿ ‘ಹರ್ಪಿಸ್ ಜೋಸ್ಟರ್’ ಎಂಬ ಹೆಸರಿದೆ, ಆದರೆ ಅದು ಸೀತಾಳೆ ಸಿಡುಬಿನ ವೈರಾಣುವಿನದು. ಕುಲ ಒಂದೇ, ಕಾಯಿಲೆ ಬೇರೆ.

ಒಂದು ದಿನದ ಮಾತು ಹೇಳುತ್ತೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಮದುವೆಯಾಗಿ ನಾಲ್ಕು ವರ್ಷವಾಗಿದ್ದ ದಂಪತಿ. ಹೆಂಡತಿಗೆ ಜ್ವರ, ತೊಡೆಸಂದಿಯಲ್ಲಿ ಗಡ್ಡೆ, ಮೂತ್ರ ಮಾಡಲಾಗದಷ್ಟು ಉರಿ. ನಮ್ಮಲ್ಲಿ ಇದಕ್ಕೆ ಕೆಂಪು ಕಿಟ್ ಕೊಡುತ್ತೇವೆ. ಅಸೈಕ್ಲೋವಿರ್ 400 ಮಿಲಿಗ್ರಾಂನ 21 ಮಾತ್ರೆಗಳು, ದಿನಕ್ಕೆ ಮೂರರಂತೆ ಏಳು ದಿನ. ಆಕೆ ಕಿಟ್ ಹಿಡಿದು ತಲೆ ತಗ್ಗಿಸಿ ಕುಳಿತಿದ್ದರು. ಅತ್ತೆ ಹೊರಗೆ ಬೆಂಚಿನ ಮೇಲಿದ್ದರು, ಅವರ ತೀರ್ಪು ಆಗಲೇ ಮುಗಿದಿತ್ತು. ಗಂಡ ಬಾಗಿಲಲ್ಲೇ ನಿಂತು, “ಯಾರಿಂದ ಬಂತು ಅಷ್ಟು ಹೇಳಿ ಮೇಡಂ, ಸಾಕು” ಎಂದರು.

“ನಿಮಗೆ ಎಂದಾದರೂ ಅಲ್ಲಿ ಗುಳ್ಳೆ ಎದ್ದಿತ್ತೇ?” ಎಂದು ಕೇಳಿದೆ.

“ಇಲ್ಲ.”

“ಉಷ್ಣವಾದಾಗ?”

“ಉಷ್ಣವಾದರೆ ಏಳುತ್ತದೆ. ಅದು ಎಲ್ಲರಿಗೂ ಏಳುವುದಿಲ್ಲವೇ?”

ನಿದ್ದೆಗೆಟ್ಟಾಗ, ದೂರ ಪ್ರಯಾಣ ಮಾಡಿದಾಗ ಎರಡು ಮೂರು ಸಣ್ಣ ಗುಳ್ಳೆ. ಎಳನೀರು, ಜೀರಿಗೆ ನೀರು, ನೆತ್ತಿಗೆ ಹರಳೆಣ್ಣೆ. ಐದಾರು ದಿನಕ್ಕೆ ಮಾಯ. ಹಾಸ್ಟೆಲ್‌ನಲ್ಲಿದ್ದ ಕಾಲದಿಂದಲೂ ಹಾಗೆಯೇ. ಅವರು ಹೇಳುತ್ತ ಹೋದಂತೆ ಹೆಂಡತಿ ತಲೆ ಎತ್ತಿದರು. ಗಂಡ ಅದನ್ನು ನೋಡಿ ಮಾತು ನಿಲ್ಲಿಸಿದರು. “ಹಾಗಾದರೆ ನಾನೇನಾ?”

ಅವರನ್ನು ಬೇರೆಯಾಗಿ ಕೂರಿಸಿ ಕೇಳಬೇಕಿತ್ತು. ಅಂದು ಹಾಗೆ ಮಾಡಲಿಲ್ಲ, ಈಗ ತಪ್ಪದೆ ಮಾಡುತ್ತೇನೆ. ಆದರೆ ಅಂದು ಹೇಳಿದ್ದನ್ನು ಇಂದೂ ಹೇಳುತ್ತೇನೆ: ಇರಬಹುದು, ಇಲ್ಲದಿರಬಹುದು. ಹೊಸ ಗುಳ್ಳೆಯ ದ್ರವವನ್ನು ಪಿಸಿಆರ್ ಪರೀಕ್ಷೆಗೆ ಕಳಿಸಿದರೆ ಹರ್ಪಿಸ್ ಹೌದೋ ಅಲ್ಲವೋ, ಯಾವ ಬಗೆ ಎಂಬುದು ತಿಳಿಯುತ್ತದೆ. ಯಾರು ಯಾರಿಗೆ ಕೊಟ್ಟರು ಎಂಬುದು ಅದರಲ್ಲಿ ಬರೆದಿರುವುದಿಲ್ಲ. ಉಷ್ಣ ಎಂದು ನಂಬಿದ್ದವನು ಮೋಸಗಾರನಲ್ಲ. ಮೊದಲ ಸಲ ಗುಳ್ಳೆ ಕಂಡವಳೂ ಮೋಸಗಾತಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಕೊಟ್ಟ ಅಂದಾಜಿನಂತೆ 15ರಿಂದ 49 ವಯಸ್ಸಿನ 84.6 ಕೋಟಿ ಜನರಿಗೆ ಜನನಾಂಗದ ಹರ್ಪಿಸ್ ಇದೆ, ಅಂದರೆ ಐವರಲ್ಲಿ ಒಬ್ಬರಿಗಿಂತ ಹೆಚ್ಚು. ಅಷ್ಟೂ ಜನರನ್ನು ಕಟಕಟೆಯಲ್ಲಿ ನಿಲ್ಲಿಸುತ್ತೀರಾ?

ರಕ್ತ ಪರೀಕ್ಷೆಯ ಮಾತನ್ನೂ ಮುಗಿಸಿಬಿಡುತ್ತೇನೆ. ಗರ್ಭಪಾತವಾದ ಹೆಣ್ಣುಮಕ್ಕಳಿಗೆ ಹಲವು ಸೋಂಕುಗಳನ್ನು ಒಟ್ಟಿಗೆ ಹುಡುಕುವ ‘ಟಾರ್ಚ್’ ಎಂಬ ರಕ್ತ ಪರೀಕ್ಷೆ ಮಾಡಿಸುವ ರೂಢಿ ಇದೆ. ಅದರಲ್ಲಿ ‘ಹರ್ಪಿಸ್ ಐಜಿಜಿ ಪಾಸಿಟಿವ್’ ಎಂದು, ಅಂದರೆ ಈ ವೈರಾಣುವಿನ ವಿರುದ್ಧ ಮೈ ತಯಾರಿಸಿದ ಪ್ರತಿಕಾಯ ರಕ್ತದಲ್ಲಿದೆ ಎಂದು ಬಂದರೆ ಮನೆಯಲ್ಲಿ ಬೆಂಕಿ ಬೀಳುತ್ತದೆ. ಹಲವು ಕಡೆ ಆ ಪರೀಕ್ಷೆ ಎರಡೂ ಬಗೆಯನ್ನು ಒಟ್ಟಿಗೆ ಎಣಿಸುತ್ತದೆ. ಚಿಕ್ಕಂದಿನಲ್ಲಿ ಜ್ವರ ಬಂದು ತುಟಿಯ ಮೇಲೆ ಗುಳ್ಳೆ ಎದ್ದಿದ್ದರೂ ಅದು ಪಾಸಿಟಿವ್ ಆಗಬಹುದು. ಮಗುವನ್ನು ಕಳೆದುಕೊಂಡ ತಾಯಿಯ ಕೈಗೆ ಆ ಕಾಗದ ಕೊಟ್ಟು, ಅರ್ಥ ಹೇಳದೆ ಕಳಿಸುವವರನ್ನು ನಾನು ಕ್ಷಮಿಸಲಾರೆ.

ನನ್ನನ್ನು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಇದು ಇನ್ನೊಬ್ಬರಿಗೆ ದಾಟದಂತೆ ಏನು ಮಾಡಬೇಕು? ಅದಕ್ಕೆ ನನ್ನ ಬಳಿ ಉತ್ತರವಿದೆ, ಗಂಟೆಗಟ್ಟಲೆ ಹೇಳಬಲ್ಲೆ.

ಗುಳ್ಳೆ ಏಳುವ ಮೊದಲೇ ಅನೇಕರಿಗೆ ಆ ಜಾಗದಲ್ಲಿ ಚುಮುಚುಮು ಎನ್ನುತ್ತದೆ, ತೊಡೆಯಲ್ಲಿ ಸೆಳೆತ ಬರುತ್ತದೆ. ಅಂದಿನಿಂದ ಹಿಡಿದು ಹಕ್ಕಳೆ ಉದುರಿ ಚರ್ಮ ಪೂರ್ತಿ ಮಾಗುವವರೆಗೆ ಸಂಭೋಗ ಬೇಡ, ಕಾಂಡೋಮ್ ಇದ್ದರೂ ಬೇಡ. ತುಟಿಯ ಮೇಲೆ ಗುಳ್ಳೆ ಇದ್ದಾಗ ಮುಖಮೈಥುನವೂ ಬೇಡ. ಉಳಿದ ದಿನಗಳಲ್ಲಿ ಪ್ರತಿ ಸಲವೂ ಕಾಂಡೋಮ್ ಬೇಕು, ಏಕೆಂದರೆ ಗುಳ್ಳೆ ಇಲ್ಲದ ದಿನವೂ ವೈರಾಣು ಚರ್ಮದ ಮೇಲೆ ಇರಬಹುದು. ಎರಡನೆಯ ಬಗೆಯ ಸೋಂಕಿದ್ದೂ ಎಂದೂ ಲಕ್ಷಣ ಕಾಣದವರನ್ನು ಪರೀಕ್ಷಿಸಿದಾಗ ಹತ್ತರಲ್ಲಿ ಒಂದು ದಿನ ವೈರಾಣು ಸಿಕ್ಕಿದೆ. ಆಫ್ರಿಕಾದ ದಂಪತಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಾಂಡೋಮ್ ಗಂಡಿನಿಂದ ಹೆಣ್ಣಿಗೆ ದಾಟುವುದನ್ನು ಶೇ. 96ರಷ್ಟು, ಹೆಣ್ಣಿನಿಂದ ಗಂಡಿಗೆ ದಾಟುವುದನ್ನು ಶೇ. 65ರಷ್ಟು ಕಡಿಮೆ ಮಾಡಿತ್ತು. ಪೂರ್ತಿ ತಡೆಯುವುದಿಲ್ಲ, ಅದು ಮುಚ್ಚದ ಚರ್ಮವೂ ಇದೆಯಲ್ಲ.

ಮಾತ್ರೆಯೂ ಇದೆ. ಒಬ್ಬರಿಗೆ ಸೋಂಕಿದ್ದು ಇನ್ನೊಬ್ಬರಿಗೆ ಇಲ್ಲದ 1,484 ಜೋಡಿಗಳನ್ನು ಎಂಟು ತಿಂಗಳು ಗಮನಿಸಿದ ಅಧ್ಯಯನ 2004ರಲ್ಲಿ ಬಂತು. ಸೋಂಕಿದ್ದವರು ದಿನಕ್ಕೊಂದು 500 ಮಿಲಿಗ್ರಾಂ ವ್ಯಾಲಸೈಕ್ಲೋವಿರ್ ನುಂಗಿದ 743 ಜೋಡಿಗಳಲ್ಲಿ 14 ಸಂಗಾತಿಗಳಿಗೆ ದಾಟಿತು. ಔಷಧಿಯೇ ಇಲ್ಲದ ಹುಸಿಮಾತ್ರೆ ನುಂಗಿದ 741ರಲ್ಲಿ 27 ಮಂದಿಗೆ. ಹತ್ತಿರ ಹತ್ತಿರ ಅರ್ಧ. ನಿತ್ಯ ಮಾತ್ರೆ ಯಾರಿಗೆ ಬೇಕೆಂಬುದನ್ನು ವೈದ್ಯರು ನಿರ್ಧರಿಸಲಿ, ಆದರೆ ಅಂಥದ್ದೊಂದು ಇದೆ ಎಂದು ನೀವು ಕೇಳಿ. ಔಷಧಿ ಅಂಗಡಿಯವರು ತುರಿಕೆಗೆಂದು ಕೊಡುವ ಸ್ಟೀರಾಯ್ಡ್ ಮುಲಾಮನ್ನು ದಯವಿಟ್ಟು ಹಚ್ಚಬೇಡಿ. ಅದೇ ದಿನ ಎಚ್‌ಐವಿ, ಸಿಫಿಲಿಸ್ ಪರೀಕ್ಷೆಯನ್ನೂ ಮಾಡಿಸಿ. ಎರಡನೆಯ ಬಗೆಯ ಹರ್ಪಿಸ್ ಇದ್ದವರಿಗೆ ಎಚ್‌ಐವಿ ತಗುಲುವ ಅಪಾಯ ಸುಮಾರು ಮೂರು ಪಟ್ಟು.

ಆ ದಂಪತಿ ಮರುವರ್ಷ ಮತ್ತೆ ಬಂದರು. ಆಕೆಯ ಕೈಯಲ್ಲಿ ತಾಯಿ ಕಾರ್ಡ್ ಇತ್ತು, ಆರನೆಯ ತಿಂಗಳು. ಗಂಡ ಒಳಗೆ ಬಂದು ಪಕ್ಕದಲ್ಲೇ ಕುಳಿತರು. “ಮಗುವಿಗೆ ದಾಟದಂತೆ ಏನು ಮಾಡಬೇಕು ಮೇಡಂ?” ಎಂದು ಕೇಳಿದವರು ಆಕೆ. ನನಗೆ ಗಂಟಲು ಕಟ್ಟಿತು. ಗರ್ಭದ ಕೊನೆಯ ತಿಂಗಳುಗಳಲ್ಲಿ ಹೊಸದಾಗಿ ಸೋಂಕು ತಗುಲಿದರೆ ಮಗುವಿಗೆ ದೊಡ್ಡ ಅಪಾಯ. ಹಳೆಯ ಸೋಂಕಾದರೆ ಮಗುವಿಗೆ ದಾಟುವುದು ನೂರರಲ್ಲಿ ಒಂದಕ್ಕಿಂತ ಕಡಿಮೆ ಎಂದೆ. 36ನೆಯ ವಾರದಿಂದ ವೈದ್ಯರು ಮಾತ್ರೆ ಕೊಡುತ್ತಾರೆ, ನೋವು ಬಂದಾಗ ಗುಳ್ಳೆಯೋ ಚುಮುಚುಮುವೋ ಇದ್ದರೆ ಸಿಸೇರಿಯನ್ ಮಾಡುತ್ತಾರೆ, ಅದಕ್ಕೇ ಹೆರಿಗೆ ಕೋಣೆಗೆ ಹೋಗುವ ಮೊದಲೇ ಹೇಳಿಬಿಡಿ ಎಂದೆ.

“ಅತ್ತೆ ಪಕ್ಕದಲ್ಲೇ ಇದ್ದರೆ?”

“ನರ್ಸ್ ಕಿವಿಯಲ್ಲಿ ಹೇಳಿ” ಎಂದೆ. “ನಾನು ಹೇಳುತ್ತೇನೆ” ಎಂದರು ಗಂಡ.